ಬಾಗಿಲು ಮುಚ್ಚಿದ ದಿನಗಳು

ಮಕ್ಕಳೇ, ವಳಸಂಗದ ಮೇಲಿಂದ ಹೋಗುವ ಸೊಲ್ಲಾಪುರ–ಅಕ್ಕಲಕೋಟ ರಸ್ತೆಯನ್ನು ನೀವು ನೋಡಿರುವಿರಾ? ಸದಾ ವಾಹನಗಳ ಸದ್ದು. 2020ರ ಮಾರ್ಚ್ ಕೊನೆಯಲ್ಲಿ ಆ ಸದ್ದು ಅಡಗಿತು.

ಕೊರೊನಾ ಎಂಬ ಅಂಟುರೋಗ ಜಗತ್ತಿನಲ್ಲೆಲ್ಲ ಹಬ್ಬಿತ್ತು. ಆಗ ಅದಕ್ಕೆ ಲಸಿಕೆ ಇರಲಿಲ್ಲ. ಜನರು ಒಂದೆಡೆ ಸೇರದಿದ್ದರೆ ರೋಗ ಹರಡುವುದು ನಿಧಾನವಾಗುತ್ತದೆ. ಆಸ್ಪತ್ರೆಗಳಿಗೆ ಸಿದ್ಧತೆಗೆ ಸಮಯ ಸಿಗುತ್ತದೆ. ಆದ್ದರಿಂದ ಮಾರ್ಚ್ 25ರಿಂದ ದೇಶದಾದ್ಯಂತ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂತು. ಮುಂದೆ ಅದನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು.

ಬಹಳಷ್ಟು ಜನರು ಮನಃಪೂರ್ವಕವಾಗಿ ಸಹಕರಿಸಿದರು. ಮಾರ್ಚ್ 22ರ ಸಂಜೆಯೇ ಚಪ್ಪಾಳೆ ತಟ್ಟಿ, ತಾಟು ಬಾರಿಸಿ ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಸಲ್ಲಿಸಿದ್ದರು. ಆ ವರ್ಷದ ಆಷಾಢ ಏಕಾದಶಿಗೆ ಸಂತರ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಬಂದವು. ವಾರಕರಿಗಳು ಮನೆಯಲ್ಲಿಯೇ ವಿಠ್ಠಲನನ್ನು ನೆನೆದರು.

ಆದರೆ ಮನೆಯಲ್ಲಿ ಕುಳಿತಿರುವುದು ಎಲ್ಲರಿಗೂ ಒಂದೇ ಆಗಿರಲಿಲ್ಲ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಲೆ, ತಂಬಾಕು ಸಿಗದಿದ್ದರೆ ಕೂಲಿಯೂ ಇಲ್ಲ. ಚಾದರ, ಟವೆಲ್ ನೇಯುವ ಮಗ್ಗಗಳೂ ನಿಂತವು. ದೊಡ್ಡ ಪಟ್ಟಣಗಳಿಗೆ ದುಡಿಯಲು ಹೋದವರು ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದೇ ಊರ ದಾರಿ ಹಿಡಿದರು. ಸರಕಾರ ಪಡಿತರ ಧಾನ್ಯ ಕೊಟ್ಟಿತು, ನಿಜ. ಆದರೆ ಎಣ್ಣೆಗೆ, ಔಷಧಕ್ಕೆ, ಮನೆ ಬಾಡಿಗೆಗೆ ಹಣ ಬೇಡವೇ? ‘ನಾವು ಹೇಗೆ ಬದುಕಬೇಕು?’ ಎಂದು ಅವರು ಕೇಳಿದ್ದು ತಪ್ಪಲ್ಲ. ಶಾಲೆಯ ಪಾಠ ಮೊಬೈಲಿಗೆ ಬಂತು. ಮೊಬೈಲ್ ಇಲ್ಲದ ಮನೆಯ ಮಗು ಹಿಂದೆ ಉಳಿಯಿತು.

ಜೀವ ಉಳಿಸುವ ನಿಯಮಕ್ಕೂ ಒಂದು ಬೆಲೆ ಇರುತ್ತದೆ. ನಿಯಮ ಪಾಲಿಸುವುದು ನಮ್ಮ ಕರ್ತವ್ಯ. ಅದರ ಬೆಲೆಯನ್ನು ಬಡವರೇ ತೆರದಂತೆ ನೋಡಿಕೊಳ್ಳುವುದೂ ನಮ್ಮೆಲ್ಲರ ಕರ್ತವ್ಯ. ಆ ದಿನಗಳಲ್ಲಿ ನಿಮ್ಮ ಮನೆಯ ಒಲೆ ಹೇಗೆ ಉರಿಯಿತೆಂದು ಇಂದು ಸಂಜೆ ಮನೆಯ ಹಿರಿಯರನ್ನು ಕೇಳಿರಿ.