ಸಣ್ಣ ಹಿಡುವಳಿಗೆ ಸಂಘದ ಬಲ

ಕರ್ನಾಟಕದ ಹಿಡುವಳಿಗಳು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತಿವೆ. 2015-16ರ ಕೃಷಿ ಗಣತಿಯಂತೆ ರಾಜ್ಯದಲ್ಲಿ ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. 1970-71ರಲ್ಲಿ 2.28 ಹೆಕ್ಟೇರ್ ಇದ್ದ ದೇಶದ ಸರಾಸರಿ 1.08ಕ್ಕೆ ಇಳಿದಿದೆ, ನೂರಕ್ಕೆ 86 ಹಿಡುವಳಿಗಳು ಎರಡು ಹೆಕ್ಟೇರ್‌ಗಿಂತ ಚಿಕ್ಕವು. ಇಷ್ಟು ತುಂಡು ಭೂಮಿಯಲ್ಲಿ ಬೇಸಾಯ ಗಿಟ್ಟುವುದಿಲ್ಲ ಎಂದು ಹಲವರು ಕೈಚೆಲ್ಲುತ್ತಾರೆ. ಆದರೆ ಎರಡು ಎಕರೆಯ ರೈತ ಹೆಚ್ಚಾಗಿ ಸೋಲುವುದು ಹೊಲ ದಾಟಿ ಪೇಟೆಗೆ ಬಂದಾಗ. ಮಾರುಕಟ್ಟೆಗೆ ಟೆಂಪೊ ಬಾಡಿಗೆ 2,000 ರೂಪಾಯಿ ಎಂದುಕೊಳ್ಳೋಣ. ಐದು ಚೀಲ ಶೇಂಗಾ ಒಯ್ದವರಿಗೆ ಚೀಲಕ್ಕೆ 400 ರೂಪಾಯಿ ಬಿತ್ತು. ಎಂಟು ಮನೆಯವರು ಸೇರಿ ನಲವತ್ತು ಚೀಲ ಹೇರಿದರೆ ಅದೇ ಬಾಡಿಗೆ ಚೀಲಕ್ಕೆ 50ಕ್ಕೆ ಇಳಿಯುತ್ತದೆ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ದಲ್ಲಾಳಿಯ ಮುಂದಿನ ಚೌಕಾಸಿ, ಎಲ್ಲದರಲ್ಲೂ ಲೆಕ್ಕ ಇದೇ.

ಹಾಗಾದರೆ ಸಂಘ ಎಲ್ಲಿಂದ ಶುರುವಾಗಬೇಕು? ಸದಸ್ಯರೆಲ್ಲರೂ ಕಣ್ಣಾರೆ ಕಾಣುತ್ತಿರುವ ಒಂದು ನಷ್ಟದಿಂದ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದ ಕೆಲಸ ಒಂದೇ ಆಗಿತ್ತು: ರೈತನಿಗೆ ಸಾಹುಕಾರನ ಬಡ್ಡಿಯಿಲ್ಲದೆ ಸಾಲ ಸಿಗಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಅಡಿಕೆ ಖರೀದಿಯಲ್ಲಿ ಕಾಲೂರಿದ ಮೇಲೆ, 1986ರಲ್ಲಿ, ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಬಂತು. ಮೊದಲು ಒಂದು ಕೆಲಸ ಗಟ್ಟಿಯಾಯಿತು, ವಿಸ್ತರಣೆ ಆಮೇಲೆ.

ಹಳ್ಳಿಯ ಹಾಲಿನ ಡೇರಿಯನ್ನು ಹತ್ತಿರದಿಂದ ನೋಡಿದರೆ ಸಂಘ ಬಾಳುವ ಗುಟ್ಟು ತಿಳಿಯುತ್ತದೆ. ಬೆಳಗಾಗುತ್ತಲೇ ಒಂದೂವರೆ ಲೀಟರ್ ತಂದ ಹೆಂಗಸೂ ಹದಿನೈದು ಲೀಟರ್ ತಂದ ಗೌಡರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಪುಸ್ತಕಕ್ಕೆ ಬರೆಯುವುದು ಎಲ್ಲರ ಕಣ್ಣೆದುರೇ. ಬಟವಾಡೆಯ ದಿನ ಗೊತ್ತಿರುತ್ತದೆ. ಎಲ್ಲ ಡೇರಿಗಳೂ ಹಗರಣದಿಂದ ಮುಕ್ತವೆಂದು ಹೇಳಲಾಗದು. ಆದರೂ ದಿನಕ್ಕೆರಡು ಸಲ ನಡೆಯುವ ಈ ವ್ಯವಹಾರದಲ್ಲಿ ಅನುಮಾನ ಬಂದರೆ ಅಲ್ಲೇ ಕೇಳಬಹುದು. ಭಾಷಣಕ್ಕಿಂತ ಈ ಅಳತೆ, ಈ ಬಟವಾಡೆಯೇ ನಂಬಿಕೆ ಬೆಳೆಸುತ್ತದೆ.

ಇಂದು ಸಂಘಟನೆಗೆ ಕಾನೂನಿನ ದಾರಿಗಳು ಹಲವು: ಸಹಕಾರ ಸಂಘ, ಸೌಹಾರ್ದ ಸಹಕಾರಿ, ರೈತ ಉತ್ಪಾದಕ ಕಂಪನಿ. ಕಂಪನಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯಂತೆ ಹತ್ತು ಮಂದಿ ಉತ್ಪಾದಕರು ಸೇರಿದರೆ ಕಂಪನಿ ಕಟ್ಟಬಹುದು. ಹತ್ತು ಸಾವಿರ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಗುರಿಯಿಂದ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಪ್ರತಿ ಸಂಸ್ಥೆಯ ನಿರ್ವಹಣೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವಿದೆ. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರಿರಬೇಕು. ನೆರವು ಒಳ್ಳೆಯದೇ. ಅಪಾಯ ಇರುವುದು ನೆರವಿಗಾಗಿಯೇ ಸಂಘ ಹುಟ್ಟಿದಾಗ. ಸಂಖ್ಯೆ ತುಂಬಿಸಲು ಸೇರಿಸಿದ ಮುನ್ನೂರು ಹೆಸರುಗಳಿಗೆ ಸಂಘ ತಮ್ಮದೆನಿಸುವುದಿಲ್ಲ. ಅನುದಾನ ನಿಂತ ತಿಂಗಳು ಕಾರ್ಯನಿರ್ವಾಹಕರ ಸಂಬಳಕ್ಕೆ ವ್ಯಾಪಾರದ ಆದಾಯ ಇಲ್ಲದಿದ್ದರೆ ಉಳಿಯುವುದು ಬೋರ್ಡು ಮಾತ್ರ.

ಆಕ್ಷೇಪಗಳಿಗೂ ಹುರುಳಿದೆ. ಸಂಘ ಸೇರಿದರೆ ಜಮೀನು ಕೈತಪ್ಪೀತೆಂಬ ಭಯ ಮೊದಲನೆಯದು. ಖರೀದಿ, ಮಾರಾಟದ ಸಂಘಕ್ಕೆ ಯಾರ ಜಮೀನೂ ಬೇಕಿಲ್ಲ. ಪಹಣಿ ಅವರವರ ಹೆಸರಿನಲ್ಲೇ ಇರುತ್ತದೆ. ಉಳ್ಳವರೇ ಕುರ್ಚಿ ಹಿಡಿಯುತ್ತಾರೆ ಎಂಬುದು ಎರಡನೆಯದು, ಇದು ಹೆಚ್ಚು ನಿಜ. ರೈತರೇ ಸದಸ್ಯರಾಗಿರುವ ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ಆದರೆ ಲೆಕ್ಕಪತ್ರವನ್ನು ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದದಿದ್ದರೆ ಆ ಮತದಿಂದ ಪ್ರಯೋಜನ ಕಡಿಮೆ. ದಲ್ಲಾಳಿ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಸದಸ್ಯರೇ ಅತ್ತ ವಾಲುತ್ತಾರೆ ಎಂಬುದು ಮೂರನೆಯದು. ಕೈಗಡ ಇರುವ ಮನೆಗೆ ಅಂದಿನ ದುಡ್ಡು ಅಂದೇ ಬೇಕು. ತೂಕವಾದ ದಿನವೇ ಒಂದು ಪಾಲು ಹಣ ಕೊಡಲು ಆಗದ ಸಂಘ ನಿಷ್ಠೆಯನ್ನು ಕೇಳುವಂತಿಲ್ಲ.

ಸಂಘದ ಬಾಗಿಲಲ್ಲಿ ಪಹಣಿ ಒಂದನ್ನೇ ಕೇಳುವುದೂ ತಪ್ಪು. ಹೊಲದಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿಲ್ಲ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿಗೆ ಬಹುತೇಕ ಕಾನೂನಿನ ಮಾನ್ಯತೆ ಇಲ್ಲದಿದ್ದರೂ ಬಾಯಿಮಾತಿನ ಕೋರು ನಡೆದೇ ಇದೆ. ಉತ್ಪಾದಕ ಕಂಪನಿಯ ಕಾನೂನು ನೋಡುವುದು ಬೆಳೆಯುವವರನ್ನು. ಈ ಹೆಣ್ಣುಮಕ್ಕಳನ್ನೂ ಕೋರಿಗೆ ಮಾಡುವವರನ್ನೂ ಹೊರಗಿಟ್ಟರೆ ದುಡಿಯುವವರೇ ಇಲ್ಲದ ರೈತ ಸಂಘವಾಗುತ್ತದೆ.

ಆದ್ದರಿಂದ ಹದಿನೈದು ಇಪ್ಪತ್ತು ಮನೆಗಳು ಕೂಡಿ, ಮುಂದಿನ ಹಂಗಾಮಿಗೆ ಒಂದೇ ಕೆಲಸ ಆರಿಸಿಕೊಳ್ಳಲಿ: ಗೊಬ್ಬರ ಒಟ್ಟಿಗೆ ತರುವುದೋ, ಒಂದೇ ಬೆಳೆಯನ್ನು ಒಟ್ಟಿಗೆ ಮಾರುವುದೋ. ಉಳಿದ ಹಣವನ್ನು ಎಲ್ಲರೆದುರು ಲೆಕ್ಕ ಹಾಕಲಿ. ಮುಯ್ಯಾಳಿಗೆ ಹೋಗಿ ಬಂದು ನಾಟಿ, ಕೊಯ್ಲು ಮುಗಿಸಿದ ನಾಡಿಗೆ ಈ ಶಿಸ್ತು ಹೊಸದಲ್ಲ. ನೋಂದಣಿಗೂ ಅನುದಾನಕ್ಕೂ ಎರಡನೇ ವರ್ಷ ಅರ್ಜಿ ಹಾಕಬಹುದು. ಮೊದಲ ವರ್ಷ ಲಾಭ ಕಂಡವರು ಆಗ ಸಂಘವನ್ನು ಬಿಟ್ಟುಕೊಡುವುದಿಲ್ಲ.