ಡಿಕ್ಕಿ ಬಿಟ್ಟುಕೊಡದೆ ಸಬ್‌ವೂಫರ್

ಮನೆಗೆ ಕಾರು ಬಂತೆಂದರೆ ಮಗನ ಬೇಡಿಕೆ ಸಿದ್ಧ: ಸಬ್‌ವೂಫರ್ ಬೇಕು. ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು 12 ಇಂಚಿನ ಸ್ಪೀಕರ್ ಇರುವ ಮರದ ಪೆಟ್ಟಿಗೆ. ಅದು ಡಿಕ್ಕಿಯಲ್ಲಿ ಕುಳಿತರೆ ಮದುವೆಗೆ ಹೊರಟಾಗಿನ ಸೂಟ್‌ಕೇಸ್, ಮಗುವಿನ ತಳ್ಳುಗಾಡಿ, ತವರಿನಿಂದ ತರುವ ತೆಂಗಿನಕಾಯಿ ಎಲ್ಲವೂ ಹಿಂದಿನ ಸೀಟಿನವರ ಮಡಿಲಿಗೆ!

ತೀರಾ ತಗ್ಗಿನ ಸ್ವರ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿಗೆ ಸುಲಭವಾಗಿ ತಿಳಿಯದು. ಆದ್ದರಿಂದ ಪೆಟ್ಟಿಗೆ ಡಿಕ್ಕಿಯಲ್ಲೇ ಇರಬೇಕೆಂದಿಲ್ಲ. ಮುಂದಿನ ಸೀಟಿನಡಿ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ ಚಪ್ಪಟೆ ಸಬ್‌ವೂಫರ್‌ಗಳು ಸಿಗುತ್ತವೆ. ಸ್ಟೆಪ್ನಿಯ ಗುಳಿಯಲ್ಲಿ ಕೂರುವಂಥವೂ ಇವೆ. ಆದರೆ ಪಂಕ್ಚರ್ ಆದಾಗ ದಾರಿಬದಿಯಲ್ಲಿ ಅದನ್ನು ಬಿಚ್ಚಬೇಕು. ಎದೆ ನಡುಗಿಸುವ ಸದ್ದು ಇವುಗಳಿಂದ ಬರದು. ಬಾರದಿರುವುದೇ ಲೇಸು.

ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ ಅಡಿಯ ಜಾಗ ಅಳೆಯಿರಿ. ಅಲ್ಲಿರುವ ಹಳದಿ ವಯರು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸಂಬಂಧಿಸಿದ್ದು, ಅದನ್ನು ಮುಟ್ಟಕೂಡದು. ಬ್ಯಾಟರಿಯಿಂದ ಎಳೆಯುವ ವಯರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಇಲ್ಲವಾದರೆ ವಯರು ಸವೆದು ಕಾರಿನ ತಗಡಿಗೆ ತಾಗಿದಾಗ ಬೆಂಕಿ ಹೊತ್ತಿಕೊಳ್ಳಬಹುದು. ಹಣ ಕೊಡುವ ಮುನ್ನ ಬಾನೆಟ್ ತೆರೆಸಿ ನೀವೇ ನೋಡಿ.

ಇನ್ನು, ನಿಮ್ಮ ಕಾರಿನಲ್ಲಿ ಕೇಳುವುದು ಹೆಚ್ಚಾಗಿ ಕುರ್‌ಆನ್ ಪಾರಾಯಣ, ಪ್ರವಚನಗಳೇ? ಗಂಡಸರ ದನಿಯೂ ಸುಮಾರು 85 ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ. ಸಬ್‌ವೂಫರ್‌ನ ಕೆಲಸ ಹೆಚ್ಚಾಗಿ ಅದಕ್ಕಿಂತ ಕೆಳಗೆ. ಅಂಥವರಿಗೆ ಬಾಗಿಲಿನ ಸ್ಪೀಕರ್‌ಗಳನ್ನು ಬದಲಿಸಿದರೆ ಸಾಕು, ಖರ್ಚೂ ಉಳಿಯಿತು. ಹಾಕಿಸಿಯೇ ತೀರುವುದಾದರೆ ಸದ್ದು ತಗ್ಗಿಸುವ ರಿಮೋಟ್ ಗುಂಡಿ ಇರುವುದನ್ನೇ ಆರಿಸಿ, ಅದನ್ನು ಮುಂದಿನ ಸೀಟಿನವರ ಕೈಗೆಟಕುವಲ್ಲಿ ಕೂರಿಸಿ. ಹಿಂದೆ ಮಗು ನಿದ್ದೆಹೋದಾಗ ಬೇಕಾಗುತ್ತದೆ.