ಮೂರು ಹಡಗು, ಒಂದು ಅನುವಾದ

1864ರ ವಸಂತದಲ್ಲಿ ಪ್ರಷ್ಯಾದ ಹೊಸ ರಾಯಭಾರಿ ಯುದ್ಧನೌಕೆಯಲ್ಲೇ ಚೀನಾಕ್ಕೆ ಬಂದಿಳಿದ. ಆಗ ಯೂರೋಪಿನಲ್ಲಿ ಪ್ರಷ್ಯಾಕ್ಕೂ ಡೆನ್ಮಾರ್ಕಿಗೂ ಯುದ್ಧ. ದಾಗು ಬಂದರಿನ ಬಳಿ ಡೆನ್ಮಾರ್ಕಿನ ಮೂರು ವ್ಯಾಪಾರಿ ಹಡಗುಗಳು ಕಣ್ಣಿಗೆ ಬಿದ್ದದ್ದೇ ತಡ, ಅವುಗಳನ್ನು ವಶಪಡಿಸಿಕೊಂಡ. ಯಾರದೋ ಜಗಳ, ಯಾರದೋ ಹಡಗು. ಆದರೆ ನೀರು ಚೀನಾದ್ದು.

ಬೀಜಿಂಗಿನ ವಿದೇಶಾಂಗ ಕಚೇರಿ ಝೊಂಗ್‌ಲಿ ಯಾಮೆನ್ ಹುಟ್ಟಿ ಆಗಿನ್ನೂ ಮೂರು ವರ್ಷ. ಅದರ ಮುಖ್ಯಸ್ಥ ರಾಜಕುಮಾರ ಗೊಂಗ್‌ನ ಕೈಗೆ ಆ ಹೊತ್ತಿಗೆ ಒಂದು ಅನುವಾದ ಬಂದಿತ್ತು. ಅಮೆರಿಕದ ಹೆನ್ರಿ ವೀಟನ್ ಬರೆದ ಅಂತರರಾಷ್ಟ್ರೀಯ ಕಾನೂನಿನ ಗ್ರಂಥವನ್ನು ಮಿಷನರಿ ಡಬ್ಲ್ಯೂ.ಎ.ಪಿ. ಮಾರ್ಟಿನ್ ಚೀನೀ ವಿದ್ವಾಂಸರ ನೆರವಿನಿಂದ ಅವರ ಭಾಷೆಗೆ ತಂದಿದ್ದ. ದಡಕ್ಕೆ ಅಂಟಿದ ಕಡಲು ಆ ದೇಶಕ್ಕೇ ಸೇರಿದ್ದು ಎಂಬ ನಿಯಮ ಅದರಲ್ಲಿತ್ತು. ಗೊಂಗ್ ಅದನ್ನೇ ಹಿಡಿದು ಪಟ್ಟುಹಾಕಿದ. ಪ್ರಷ್ಯಾ ಹಡಗುಗಳನ್ನು ಬಿಟ್ಟಿತು, ಪರಿಹಾರವನ್ನೂ ತೆತ್ತಿತು. ಎರಡು ಅಫೀಮು ಯುದ್ಧಗಳಲ್ಲಿ ಸೋತು ಸುಣ್ಣವಾಗಿದ್ದ ಆಸ್ಥಾನಕ್ಕೆ ಪುಸ್ತಕವೊಂದು ಗೆಲುವು ತಂದಿತ್ತು. ಅನುವಾದದ 300 ಪ್ರತಿಗಳು ಅಧಿಕಾರಿಗಳ ಕೈಸೇರಿದವು.

ಚೀನಾದ ಆಧುನಿಕ ವಿದೇಶಾಂಗ ಚಿಂತನೆಯ ಕಥೆಯನ್ನು ನಾನು ಇಲ್ಲಿಂದ ಶುರುಮಾಡಲು ಕಾರಣ ಆ ಗೆಲುವಲ್ಲ, ಆ ಪುಸ್ತಕ ಬಳಕೆಗೆ ತಂದ ಪದಗಳು. ಹಕ್ಕಿಗೆ ‘ಚುವಾನ್‌ಲಿ’, ಸಾರ್ವಭೌಮತ್ವಕ್ಕೆ ‘ಜುಚುವಾನ್’. ಅದುವರೆಗೆ ಆಸ್ಥಾನದ ಮನಸ್ಸನ್ನು ಆಳಿದ್ದು ‘ತಿಯೆನ್‌ಶಿಯಾ’, ಅಂದರೆ ಆಕಾಶದ ಕೆಳಗಿರುವುದೆಲ್ಲ. ನಡುವೆ ಚಕ್ರವರ್ತಿ, ಸುತ್ತ ಕಪ್ಪ ತರುವವರು. ಎಲ್ಲರೂ ಒಂದೇ ಸೂರಿನಡಿ ಇದ್ದಮೇಲೆ ದೇಶ ದೇಶಗಳ ‘ನಡುವೆ’ ಎಂಬ ಜಾಗವೇ ಹುಟ್ಟುವುದಿಲ್ಲ.

ಕಾನೂನಿನ ಮೇಲಿನ ಆ ನಂಬಿಕೆ ಹೆಚ್ಚು ಕಾಲ ಬಾಳಲಿಲ್ಲ. 1895ರಲ್ಲಿ ಜಪಾನಿನ ಎದುರು ಚೀನಾ ಸೋತಿತು. 1898ರಲ್ಲಿ ಯಾನ್ ಫು ಅನುವಾದದಲ್ಲಿ ಹೊರಬಂದ ಹಕ್ಸ್‌ಲಿಯ ವಿಕಾಸವಾದದ ಪುಸ್ತಕವನ್ನು ಒಂದು ಪೀಳಿಗೆ ದೇಶಗಳ ಅಳಿವು ಉಳಿವಿನ ಪಾಠವೆಂದೇ ಓದಿತು. ಅದಾದ ಸ್ವಲ್ಪದರಲ್ಲೇ, ತಲೆಮರೆಸಿಕೊಂಡಿದ್ದ ಸುಧಾರಕ ಕಾಂಗ್ ಯೂವೆಯ್ ನಮ್ಮ ಡಾರ್ಜಿಲಿಂಗಿನಲ್ಲಿ ಕೂತು ಗಡಿಗಳೇ ಇಲ್ಲದ ಲೋಕವೊಂದನ್ನು ‘ದಾತೊಂಗ್ ಶು’ ಎಂಬ ಪುಸ್ತಕದಲ್ಲಿ ಕಲ್ಪಿಸುತ್ತಿದ್ದ. ಲೋಕ ಮಾತ್ರ ಬೇರೆ ದಾರಿ ಹಿಡಿದಿತ್ತು. ಮೊದಲ ಮಹಾಯುದ್ಧದಲ್ಲಿ ಚೀನಾ ಗೆದ್ದವರ ಪಾಳಯದಲ್ಲಿದ್ದರೂ, ಶಾನ್‌ಡಾಂಗಿನಲ್ಲಿ ಜರ್ಮನಿಗಿದ್ದ ಹಕ್ಕುಗಳು ವರ್ಸೇಲ್ಸ್‌ನಲ್ಲಿ ಜಪಾನಿನ ಪಾಲಾದವು. 1919ರ ಮೇ 4ರಂದು ವಿದ್ಯಾರ್ಥಿಗಳು ಬೀದಿಗಿಳಿದರು. ಆ ಅವಮಾನದ ನೆನಪನ್ನು ಬಿಟ್ಟು ಚೀನಾದ ಇಂದಿನ ಮಾತನ್ನು ಅರ್ಥಮಾಡಿಕೊಳ್ಳಲಾಗದು.

‘ಜುಚುವಾನ್’ ಮುಂದೆ ನಮ್ಮ ಬಾಗಿಲಿಗೂ ಬಂತು. 1953ರ ಡಿಸೆಂಬರ್ 31ರಂದು ಭಾರತದ ನಿಯೋಗದ ಮುಂದೆ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಐದು ತತ್ವಗಳನ್ನಿಟ್ಟರು. ಮೊದಲನೆಯದೇ ಪರಸ್ಪರರ ಸಾರ್ವಭೌಮತ್ವಕ್ಕೆ ಗೌರವ. ಮರುವರ್ಷ ಟಿಬೆಟ್ ಕುರಿತ ಒಪ್ಪಂದದಲ್ಲಿ ಅವು ಪಂಚಶೀಲವಾಗಿ ಸೇರಿದವು. ಆ ಒಪ್ಪಂದದ ಆಯಸ್ಸು ಎಂಟೇ ವರ್ಷ. 1962ರ ಜೂನ್‌ನಲ್ಲಿ ಅದು ಮುಗಿಯಿತು, ಅಕ್ಟೋಬರಿನಲ್ಲಿ ಯುದ್ಧ ಬಂತು. ಐದು ತತ್ವಗಳು ಇಂದಿಗೂ ಚೀನಾದ ಸಂವಿಧಾನದ ಪೀಠಿಕೆಯಲ್ಲಿವೆ. ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಮಾವೊ ಕಾಲದಲ್ಲಿ ಸಿದ್ಧಾಂತವೆಂದರೆ ನಾಯಕನ ಮಾತು. ಜಗತ್ತನ್ನು ಮೂರಾಗಿ ವಿಂಗಡಿಸಿದ 1974ರ ಮೂರು ಲೋಕಗಳ ವಾದವೂ ಹಾಗೆಯೇ ಬಂದದ್ದು. ವಿದ್ವಾಂಸರಿಗೆ ಉಸಿರಾಡಲು ಜಾಗ ಸಿಕ್ಕಿದ್ದು ಡೆಂಗ್ ಶಿಯಾವೊಪಿಂಗ್ ಬಂದಮೇಲೆ. ಆಗಲೂ ಶುರುವಾದದ್ದು ಅನುವಾದದಿಂದಲೇ. ಅಮೆರಿಕದ ಅಲೆಕ್ಸಾಂಡರ್ ವೆಂಟ್‌ನ ಕೃತಿಯನ್ನು ಚೀನೀ ಭಾಷೆಗೆ ತಂದ ಚಿನ್ ಯಾಚಿಂಗ್, 2007ರಲ್ಲಿ ಕೇಳಿದ ಪ್ರಶ್ನೆ ನೇರವಾದದ್ದು: ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಚೀನೀ ಸಿದ್ಧಾಂತ ಏಕಿಲ್ಲ? ‘ನಡುವೆ’ ಎಂಬ ಪ್ರಜ್ಞೆ ಚೀನೀ ಪರಂಪರೆಯಲ್ಲಿರಲಿಲ್ಲ ಎಂಬುದು ಅವರೇ ಕೊಟ್ಟ ಕಾರಣಗಳಲ್ಲೊಂದು. ನಂತರ ಅವರು ‘ಗುವಾನ್‌ಶಿ’ಯನ್ನು, ಅಂದರೆ ನಂಟನ್ನು, ಸಿದ್ಧಾಂತದ ತಿರುಳಾಗಿಸಿದರು. ದೇಶಗಳು ಮೊದಲೇ ಇದ್ದು ಆಮೇಲೆ ನಂಟು ಕಟ್ಟಿಕೊಳ್ಳುವುದಿಲ್ಲ, ಯಾರು ಏನೆಂಬುದನ್ನು ನಂಟೇ ರೂಪಿಸುತ್ತದೆ ಎಂಬ ವಾದ. ಒಕ್ಕಲು, ಬೀಗತನ, ನೆರೆಹೊರೆಯಲ್ಲಿ ಬೆಳೆದ ನನಗೆ ಇದು ಪರಕೀಯವೆನಿಸಲಿಲ್ಲ.

ಸಿಂಘ್ವಾ ವಿಶ್ವವಿದ್ಯಾಲಯದ ಯಾನ್ ಶುಯೆತುಂಗ್ ಇಂಥ ಚಿಂತನೆಗೆ ಕೊಡುವ ‘ಚೀನೀ ಪಂಥ’ ಎಂಬ ಹೆಸರನ್ನೇ ಒಪ್ಪುವುದಿಲ್ಲ. ಸಿದ್ಧಾಂತ ಎಲ್ಲರಿಗೂ ಸಲ್ಲಬೇಕು ಎನ್ನುವ ಅವರು ಶುನ್‌ಜಿಯಂಥ ಪ್ರಾಚೀನ ಚಿಂತಕರನ್ನು ಓದಿ, ನೀತಿಯಿಂದ ಗಳಿಸಿದ ನಾಯಕತ್ವವನ್ನೂ ಬಲದ ಯಜಮಾನಿಕೆಯನ್ನೂ ಬೇರೆಬೇರೆಯಾಗಿ ತೂಗಿದರು.

2005ರಲ್ಲಿ ತತ್ವಜ್ಞಾನಿ ಜಾವೊ ತಿಂಗ್‌ಯಾಂಗ್ ಹಳೆಯ ‘ತಿಯೆನ್‌ಶಿಯಾ’ವನ್ನೇ ಮರಳಿ ತಂದರು. ಯಾರನ್ನೂ ಹೊರಗಿಡದ ಲೋಕವ್ಯವಸ್ಥೆ ಅವರ ಕನಸು. ಕನಸು ದೊಡ್ಡದು. ಆದರೆ ಅದನ್ನು ಬೀಜಿಂಗಿನಿಂದ ಓದುವುದು ಒಂದು, ಹನೋಯಿಯಿಂದ ಓದುವುದು ಇನ್ನೊಂದು. 1407ರಿಂದ ಇಪ್ಪತ್ತು ವರ್ಷ ವಿಯೆಟ್ನಾಮನ್ನು ಚೀನಾದ ಮಿಂಗ್ ವಂಶದ ಅಧಿಕಾರಿಗಳು ಆಳಿದ್ದು ಅದೇ ಆಕಾಶದ ಕೆಳಗೆ.